ಹಳಿಯ ಮೇಲಿನ ಸುಣ್ಣ

ಸಿದ್ದಲಿಂಗಪ್ಪ ಎರಡು ಹಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಸೋಮವಾರ ತಾನೇ ಹಚ್ಚಿದ್ದ ಸುಣ್ಣದ ಬೊಟ್ಟನ್ನು ಮೂರನೇ ಸಲ ನೋಡಿದ. ಹೆಬ್ಬೆರಳಗಲದ ಬಿಳಿ ಪಟ್ಟಿ. ಅದರ ನಟ್ಟನಡುವೆ ಕೂದಲೆಳೆಯಂಥ ಗೆರೆ ಬಿದ್ದಿತ್ತು. ಸುಣ್ಣ ಬರೀ ಒಣಗಿ ಬಿರಿದದ್ದಾಗಿದ್ದರೆ ಗೆರೆ ಅಡ್ಡಾದಿಡ್ಡಿ ಹರಿದಿರಬೇಕಿತ್ತು. ಇದು ಕೆಳಗಿನ ಉಕ್ಕಿನ ಬಿರುಕು ಹೋದ ದಾರಿಯಲ್ಲೇ ನೆಟ್ಟಗೆ ಹೋಗಿತ್ತು. ಅಂದರೆ ಮೂರೇ ದಿನದಲ್ಲಿ ಬಿರುಕು ಬಾಯಿ ಬಿಟ್ಟಿದೆ.

ನಿಯಮದ ಪ್ರಕಾರ ಅವನು ಅಲ್ಲಿ ಕೂರುವಂತೆಯೇ ಇರಲಿಲ್ಲ. ಮೊದಲೆಲ್ಲ ಹಳಿ ನೋಡುವವನ ಜೊತೆಗೆ ರೈಲು ಬರುವುದನ್ನು ಕಾಯಲು ಇನ್ನೊಬ್ಬನಿರುತ್ತಿದ್ದ. ಹೊಸ ಕಂಪನಿ ಆ ಇನ್ನೊಬ್ಬನನ್ನು ತೆಗೆದುಹಾಕಿ, ಒಬ್ಬನೇ ಇರುವವನು ಪಕ್ಕದ ಕಾಲುದಾರಿಯಲ್ಲೇ ನಡೆಯಬೇಕು, ಹಳಿಗಳ ನಡುವೆ ಇಳಿಯಕೂಡದು ಎಂದು ಕಾಗದ ಹೊರಡಿಸಿತ್ತು. ನಿನ್ನ ಜೀವಕ್ಕಾಗಿಯೇ ಈ ನಿಯಮ ಎಂದು ಬೇರೆ ಹೇಳಿತ್ತು. ಪಕ್ಕದಿಂದ ನೋಡಿದರೆ ಹಳಿಯ ಒಳಗಂಚು ಕಾಣುವುದೇ ಇಲ್ಲ, ಬಿರುಕು ಹುಟ್ಟುವುದೋ ಅಲ್ಲೇ. ಇಷ್ಟು ಗೊತ್ತಿಲ್ಲದವರು ರೈಲು ನಡೆಸಲು ಹೊರಟಿದ್ದಾರಲ್ಲ ಎಂದು ಸಿದ್ದಲಿಂಗಪ್ಪ ಮನಸ್ಸಿನಲ್ಲೇ ಬೈದುಕೊಳ್ಳುತ್ತ ದಿನಾ ನಡುವೆ ಇಳಿಯುತ್ತಿದ್ದ.

ಹಳಿ ಸಣ್ಣಗೆ ಗುಂಯ್‌ಗುಟ್ಟತೊಡಗಿತು. ಅವನು ಎದ್ದು ಕಾಲುದಾರಿಗೆ ಸರಿದ. ಏಳೂ ನಲವತ್ತೆರಡರ ಗಾಡಿ ಸ್ಟೇಷನ್ ಬಿಟ್ಟು, ಸೇತುವೆಯ ಕೆಳಗೆ ಹಾದು, ದೊಡ್ಡ ಗ್ಯಾಸ್ ಟ್ಯಾಂಕಿನ ಪಕ್ಕದಿಂದ ಪೂರಾ ವೇಗದಲ್ಲಿ ಬಂತು. ಮೂರನೇ ಡಬ್ಬಿಯ ಕಿಟಕಿಯಲ್ಲಿ ನೀಲವ್ವ ಊಟದ ಚೀಲವನ್ನು ಎತ್ತಿ ತೋರಿಸಿದಳು. ಅವನ ಹೆಂಡತಿ ಇದೇ ಮಾರ್ಗದ ಆಚೆ ತುದಿಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಗಂಡ ಪಾಳಿಯ ಮೇಲಿದ್ದ ದಿನ, ಅವನು ನಿಲ್ಲುವ ಜಾಗ ಬಂದಾಗ ಚೀಲ ಎತ್ತುವುದು ಅವಳ ರೂಢಿ. ಮಾಡಿಕೊಟ್ಟ ಬುತ್ತಿ ಮರೆಯದೆ ತಂದಿದ್ದೀರಾ ಎಂದು ಅದರರ್ಥವಂತೆ. ಅವನೂ ತನ್ನ ಚೀಲ ಎತ್ತುತ್ತಿದ್ದ. ಇವತ್ತು ಅವನ ಕಣ್ಣು ಹಳಿಯ ಮೇಲಿತ್ತು. ಒಂದೊಂದು ಗಾಲಿ ಹಾಯುವಾಗಲೂ ಆ ಜಾಗದಲ್ಲಿ ಹಳಿ ಒಂದಿಷ್ಟು ಕುಸಿದು ಮೇಲೆದ್ದಂತೆ ಕಂಡಿತು. ಗಾಡಿ ದಾಟಿ ಹೋದಮೇಲೆ, ತಾನು ಚೀಲ ಎತ್ತಲಿಲ್ಲವೆಂದು ನೆನಪಾಯಿತು.

ಸುಣ್ಣದ ಈ ವಿದ್ಯೆ ಅವನ ಅಪ್ಪನದು. ಅಪ್ಪ ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಎಲೆ ಅಡಿಕೆಯ ಸಂಚಿ ಸೊಂಟ ಬಿಟ್ಟು ಇಳಿದದ್ದಿಲ್ಲ. ಹಳಿಯಲ್ಲಿ ಎಲ್ಲಾದರೂ ಅನುಮಾನ ಬಂದರೆ ಡಬ್ಬಿಯಿಂದ ಒಂದು ಬೆರಳು ಸುಣ್ಣ ತೆಗೆದು ಬಳಿದುಬಿಡುತ್ತಿದ್ದ. ಎರಡು ದಿನ ಬಿಟ್ಟು ಬಂದು ನೋಡಿದಾಗ ಸುಣ್ಣ ಹಾಗೇ ಇದ್ದರೆ ಬಿರುಕು ಸತ್ತದ್ದು, ಒಡೆದಿದ್ದರೆ ಜೀವ ಇರುವಂಥದ್ದು. ಧಾರವಾಡದ ಡಾಕ್ಟರೊಬ್ಬರ ಮನೆಗೆ ಅಡುಗೆಗೆಂದು ಲಂಡನ್ನಿಗೆ ಬಂದ ಸಿದ್ದಲಿಂಗಪ್ಪ, ಅವರು ಊರು ಬಿಟ್ಟು ಹೋದಮೇಲೆ ಸರ್ಕಾರಿ ಬ್ರಿಟಿಷ್ ರೈಲ್ ಇಲಾಖೆಯಲ್ಲಿ ಜಲ್ಲಿ ಹೊರುವ ಕೆಲಸಕ್ಕೆ ಸೇರಿದ. ಆಮೇಲೆ ನಾಲ್ಕು ಮೈಲಿ ಹಳಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಈಸ್ಟ್ ಹ್ಯಾಮಿನ ಭಾರತೀಯರ ಅಂಗಡಿಯಲ್ಲಿ ಸುಣ್ಣದ ಡಬ್ಬಿ ಕಂಡ ದಿನ ಅಪ್ಪನ ವಿದ್ಯೆ ನೆನಪಾಯಿತು. ಅವನ ಮೇಸ್ತ್ರಿ ಡೆಸ್ಮಂಡ್ ಜಮೈಕಾದವನು, ಮೊದಲು ನಕ್ಕ, ಆಮೇಲೆ ನಂಬಿದ. ಒಡೆದ ಸುಣ್ಣ ಡೆಸ್ಮಂಡನ ಕಣ್ಣಿಗೆ ಬಿದ್ದರೆ ಮುಗಿಯಿತು, ಒಂದೇ ವಾರದಲ್ಲಿ ಅಲ್ಲಿಗೆ ಹೊಸ ಹಳಿ ಬರುತ್ತಿತ್ತು. ಹದಿನಾಲ್ಕು ವರ್ಷ ಹಾಗೇ ನಡೆಯಿತು.

ಆಮೇಲೆ ಸರ್ಕಾರ ರೈಲನ್ನು ಮಾರಿತು. ಒಟ್ಟಾಗಿ ಮಾರಿದ್ದರೆ ಅದೊಂದು ಮಾತು, ಹೋಳು ಹೋಳು ಮಾಡಿ ಹಂಚಿಬಿಟ್ಟರು. ಹಳಿ ಒಬ್ಬರದು, ಅದರ ಮೇಲೆ ಓಡುವ ಗಾಡಿ ಇನ್ನೊಬ್ಬರದು, ಹಳಿ ನೋಡಿಕೊಳ್ಳುವ ಗುತ್ತಿಗೆ ಮತ್ತೊಬ್ಬರದು, ಗುತ್ತಿಗೆಯವರಿಗೆ ಆಳು ಒದಗಿಸುವ ಏಜೆನ್ಸಿ ಮಗದೊಬ್ಬರದು. ಸಿದ್ದಲಿಂಗಪ್ಪ ಮಾತ್ರ ಅದೇ ನಾಲ್ಕು ಮೈಲಿಯ ಸಿದ್ದಲಿಂಗಪ್ಪ. ಜಾಕೆಟ್ಟಿನ ಬೆನ್ನ ಮೇಲಿನ ಕಂಪನಿಯ ಹೆಸರು ಎರಡು ಸಲ ಬದಲಾಯಿತು, ಅಷ್ಟೇ. ಡೆಸ್ಮಂಡನಿಗೆ ಒಂದು ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಈಗ ಬರುವ ಗ್ಯಾಂಗಿನಲ್ಲಿ ವಾರಕ್ಕೊಂದು ಹೊಸ ಮುಖ.

ಸಿದ್ದಲಿಂಗಪ್ಪ ತಪ್ಪು ಮಾಡಿದ್ದು ಇಲ್ಲೇ. ಹೊಸ ಕಂಪನಿ ಹದಿನಾರು ಚೌಕಗಳ ಫಾರಂ ಕೊಟ್ಟಿತ್ತು. ಇಂಗ್ಲಿಷ್ ಅವನ ನಾಲಗೆಗೆ ಒಗ್ಗಿತ್ತೇ ಹೊರತು ಪೆನ್ನಿಗೆ ಒಗ್ಗಿರಲಿಲ್ಲ. ಮನಸ್ಸಿಗೆ ಸರಿಬಾರದ ಬಿರುಕು ಎಂದು ಬರೆಯಲು ಅದರಲ್ಲಿ ಚೌಕವೂ ಇರಲಿಲ್ಲ. ಆರು ವಾರದಿಂದ ಅವನು ಇದೇ ಜಾಗಕ್ಕೆ ಸಿಕ್ಕಿದ್ದರಲ್ಲಿ ಹತ್ತಿರದ ಚೌಕಕ್ಕೆ ಗುರುತು ಹಾಕುತ್ತ ಬಂದಿದ್ದ. ಮೇಲ್ಮೈ ಗೀರು, ಗಮನದಲ್ಲಿಡಿ. ಕೆಳಗೆ ಸಹಿ. ಉಳಿದದ್ದನ್ನು ಸುಣ್ಣ ಹೇಳುತ್ತದೆ ಬಿಡು ಎಂದುಕೊಂಡಿದ್ದ. ಸುಣ್ಣ ಯಾರಿಗೆ ಹೇಳಬೇಕು? ಡೆಸ್ಮಂಡ್ ಇಲ್ಲವೆಂದು ಅವನಿಗೆ ಗೊತ್ತಿತ್ತು. ತಲೆಗೆ ಗೊತ್ತಾದದ್ದು ಕೈಗೆ ಗೊತ್ತಾಗಿರಲಿಲ್ಲ. ಹೊಸ ಗ್ಯಾಂಗಿನವನೊಬ್ಬ ಬಿಳಿ ಬೊಟ್ಟು ನೋಡಿ ಹಕ್ಕಿಯ ಹಿಕ್ಕೆ ಎಂದು ಬೂಟಿನಿಂದ ಕೆರೆದದ್ದನ್ನು ಕಣ್ಣಾರೆ ಕಂಡಮೇಲೂ ಹಚ್ಚುವುದನ್ನು ಬಿಟ್ಟಿರಲಿಲ್ಲ.

ಅವನು ಮೊಬೈಲ್ ತೆಗೆದು ಮಧುಸೂದನನಿಗೆ ಫೋನ್ ಮಾಡಿದ. ಮಧುಸೂದನ್ ಬೆಂಗಳೂರಿನ ಹುಡುಗ, ಇಪ್ಪತ್ತೆಂಟರ ಎಂಜಿನಿಯರ್. ಗುತ್ತಿಗೆ ಕಂಪನಿಯಲ್ಲಿ ಈ ಮಾರ್ಗದ ಮೇಲ್ವಿಚಾರಕ. ಅವನ ವರ್ಕ್ ಪರ್ಮಿಟ್ಟು ಕಂಪನಿಯ ಕೈಯಲ್ಲಿತ್ತು, ಕೆಲಸ ಹೋದರೆ ದೇಶ ಬಿಡಬೇಕು. ಒಂದು ವರ್ಷದ ಹಿಂದೆ, ತನ್ನ ಕೈಕೆಳಗಿನ ಮುದುಕ ಕನ್ನಡದವನೆಂದು ತಿಳಿದ ದಿನದಿಂದ ಭಾನುವಾರ ಮಧ್ಯಾಹ್ನ ನೀಲವ್ವನ ರೊಟ್ಟಿ, ಎಣ್ಣೆಗಾಯಿ ಉಣ್ಣಲು ಬರುತ್ತಿದ್ದ. ಉಣ್ಣುತ್ತ ವಾದ ಮಾಡುವುದೂ ಇತ್ತು. ಒಂದು ಟೆಲಿಫೋನಿಗಾಗಿ ತನ್ನ ಅಪ್ಪ ಒಂಬತ್ತು ವರ್ಷ ಕಾದರೆಂದೂ, ಸರ್ಕಾರದ ಕೈಯಲ್ಲಿ ಏನೇ ಇದ್ದರೂ ಅದರ ಗತಿ ಅಷ್ಟೇ ಎಂದೂ ಅವನು ಹೇಳುತ್ತಿದ್ದ. ಸಿದ್ದಲಿಂಗಪ್ಪ ಹಳೇ ರೈಲನ್ನು ಹೊಗಳುವವನಲ್ಲ. ಹಳಿ ಪಕ್ಕದ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಪಾಳಿ ಮುಗಿಸಿದ ಸೋಮಾರಿಗಳನ್ನು ಅವನೂ ಬೇಕಾದಷ್ಟು ಕಂಡಿದ್ದ.

"ಹೊಲಸ ನಡಸಿದ್ರೂ ಒಬ್ಬಾಂವನ ನಡಸ್ತಿದ್ದ, ತಮ್ಮಾ. ಬೈಯಾಕಂತ ಒಂದು ಬಾಗಲಾ ಇತ್ತು," ಎಂದು ಒಮ್ಮೆ ಹೇಳಿದ್ದ. "ಈಗ ನಾ ಯಾರ ಬಾಗಲಾ ಬಡೀಲಿ?"

ನನ್ನ ಬಾಗಿಲು ಬಡೀರಿ ಅಂಕಲ್ ಎಂದು ಮಧು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದ.

ಆ ಬಾಗಿಲನ್ನು ಈಗ ಬಡಿದದ್ದಾಯಿತು. ಫೋನಿನಲ್ಲಿ ಮಧುವಿನ ದನಿ ಒಣಗಿತ್ತು. ಆರು ವಾರದ ಫಾರಂ ತನ್ನ ಮುಂದೆಯೇ ಇದೆ, ಎಲ್ಲದರಲ್ಲೂ ಮೇಲ್ಮೈ ಗೀರು ಎಂದೇ ಇದೆ, ಇವತ್ತು ಇದ್ದಕ್ಕಿದ್ದಂತೆ ಅದು ಬಿರುಕಾದದ್ದು ಹೇಗೆ ಎಂದು ಕೇಳಿದ. ಸುಣ್ಣದ ಮಾತು ಎತ್ತಿದರೆ, ಸುಣ್ಣ ಅಂತ ರಿಪೋರ್ಟ್ ಬರೆಯೋಕಾಗುತ್ತಾ ಎಂದ. ಹೇಗೂ ಹೊಸ ಹಳಿ ತಂದು ಹಾಕಿದ್ದಾಗಿದೆಯಲ್ಲ ಎಂದ. ಅದು ನಿಜವೇ. ಇಲ್ಲಿಯ ಹಳಿ ಸವೆದಿದೆಯೆಂದು ತರಿಸಿದ ಆ ಹೊಸ ಹಳಿ, ಬಿರುಕಿಗಿಂತ ಐವತ್ತು ಗಜ ಹಿಂದೆ, ಮಾರ್ಗದ ಪಕ್ಕದಲ್ಲಿ ಮಾರ್ಚ್ ತಿಂಗಳಿಂದ ಬಿದ್ದುಕೊಂಡಿತ್ತು. ತುಕ್ಕು ಹಿಡಿದು ಕೆಂಪಾಗಿ, ಸುತ್ತ ಮುಳ್ಳಿನ ಬಳ್ಳಿ ಹಬ್ಬಿತ್ತು. ಅದನ್ನು ಕೂರಿಸಬೇಕಾದರೆ ಗಾಡಿ ಕಂಪನಿ ಎಂಟು ಗಂಟೆ ಮಾರ್ಗ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಗಂಟೆಗೆ ಹಳಿ ಕಂಪನಿ ದುಡ್ಡು ಕಟ್ಟಬೇಕು. ಎಲ್ಲ ಒಪ್ಪಿ ನವೆಂಬರ್ ಎರಡನೇ ವಾರ ದಿನ ಗೊತ್ತಾಗಿತ್ತು. ಇನ್ನೂ ಐದು ವಾರ.

"ಆಗಸ್ಟ್‌ನಲ್ಲಿ ನೀವು ಇನ್ನೊಂದು ಕಡೆ ಬಿರುಕು ಅಂತ ಗಾಡಿ ನಿಲ್ಸಿದ್ರಿ. ಮಷೀನ್ ತಂದು ನೋಡಿದ್ರೆ ಏನೂ ಇರ್ಲಿಲ್ಲ," ಎಂದ ಮಧು. "ಇನ್ನೊಂದ್ಸಲ ಹಂಗಾದ್ರೆ ನಿಮ್ಮನ್ನ ಉಳ್ಸೋಕೆ ನನ್ ಕೈಲಿ ಆಗಲ್ಲ, ಅಂಕಲ್."

ಆಗಸ್ಟ್‌ನ ಎಚ್ಚರಿಕೆ ಪತ್ರ ಇನ್ನೂ ಮನೆಯ ಟ್ರಂಕಿನಲ್ಲಿತ್ತು. ಪಿಂಚಣಿಗೆ ಎರಡೇ ವರ್ಷ. ಸಿದ್ದಲಿಂಗಪ್ಪನಿಗೆ ಹೆದರಿಕೆಯಾಯಿತು, ಅದರಲ್ಲಿ ಮುಚ್ಚಿಡುವುದೇನಿದೆ. ಪಾಳಿ ಮುಗಿಸಿ, ಫಾರಂನಲ್ಲಿ ಅದೇ ಚೌಕಕ್ಕೆ ಅದೇ ಗುರುತು ಹಾಕಿ ಸಹಿ ಮಾಡಿದ. ಒಡೆದ ಸುಣ್ಣದ ಪಕ್ಕದಲ್ಲಿ ಇನ್ನೊಂದು ಬೊಟ್ಟು ಹಚ್ಚಿ ಬಂದಿದ್ದ. ಬರುವ ದಾರಿಯುದ್ದಕ್ಕೂ ಅವನ ಬೆರಳಲ್ಲಿ ಸುಣ್ಣ ಚುರುಗುಟ್ಟುತ್ತಿತ್ತು.

ಸಂಜೆ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಬಾಗಿಲಿಗೆ ಒರಗಿ ನಿಂತು, ನಾಳೆಯಿಂದ ಬಸ್ಸಿಗೆ ಹೋಗು ಎಂದ. ಬಸ್ಸಿಗೆ ಎರಡು ಕಡೆ ಬದಲಿಸಬೇಕು, ಒಂದೂವರೆ ತಾಸು, ಏಳರ ಒಳಗೆ ಮನೆ ಬಿಡಬೇಕು ಎಂದಳು ಅವಳು. ಇರಲಿ, ಬಸ್ಸಿಗೇ ಹೋಗು ಎಂದ. ಎಷ್ಟು ದಿನ ಎಂದು ಕೇಳಿದಳು. ನವೆಂಬರ್ ತನಕ ಎಂದ. ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹಳ್ಯಾಗ ಏನ ಆಗೇತ್ರೀ?"

"ಏನಿಲ್ಲ. ಸುಮ್ನ ಹೇಳಿದ್ನಿ."

ಮೂವತ್ತು ವರ್ಷ ಜೊತೆಗಿದ್ದವಳಿಗೆ ಆ ಸುಮ್ನೆ ಎಂಥದ್ದೆಂದು ತಿಳಿಯದೇ? ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವಳು ತೆಗೆಯಲಿಲ್ಲ.

"ನನಗೊಬ್ಬಾಕಿಗೆ ಹೇಳಿದ್ರಿ. ಗಾಡ್ಯಾಗ ನನ್ನ ಎದುರಿಗೆ ಒಬ್ಬಾಕಿ ಮುದಕಿ ಕುಂದರತಾಳ. ಮೊಮ್ಮಗಗ ಸ್ವೆಟರ್ ಹೆಣಿತಾಳ, ಇವತ್ತಿಗೆ ಒಂದು ತೋಳು ಮುಗದೈತಿ. ಆಕಿಗೆ ಯಾರು ಹೇಳಬೇಕ್ರೀ?"

"ಆಕಿ ನಿನಗೇನ ಆಗಬೇಕು?" ಎಂದುಬಿಟ್ಟ ಸಿದ್ದಲಿಂಗಪ್ಪ. ಅಂದಮೇಲೆ ತನ್ನ ಮಾತಿಗೆ ತನಗೇ ನಾಚಿಕೆಯಾಗಿ ಹೊರಗಿನ ಕೋಣೆಗೆ ಹೋಗಿ ಕೂತ. ಉಣ್ಣುವಾಗ ಅವಳು ಸುಟ್ಟ ರೊಟ್ಟಿಯನ್ನು ತಾನೇ ಹಾಕಿಕೊಂಡಳು.

ಶುಕ್ರವಾರ ಅವನು ಕತ್ತಲಿದ್ದಾಗಲೇ ಮನೆ ಬಿಟ್ಟ. ಬಸ್ಸಿಗೆ ಹೋಗುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಬಿರುಕಿನ ಜಾಗಕ್ಕೆ ಬರುವ ಹೊತ್ತಿಗೆ ಬೂದು ಬೆಳಕು ಬಿದ್ದಿತ್ತು. ಹೊಸ ಬೊಟ್ಟೂ ಒಡೆದಿತ್ತು. ಅಷ್ಟರಲ್ಲಿ ಹಳಿ ಗುಂಯ್‌ಗುಟ್ಟಿತು. ಅವನು ಪಕ್ಕಕ್ಕೆ ಸರಿದು ನಿಂತ. ಮೂರನೇ ಡಬ್ಬಿಯ ಕಿಟಕಿಯಲ್ಲಿ ನೀಲವ್ವ ಕೂತಿದ್ದಳು. ಚೀಲವನ್ನು ಯಾವತ್ತಿಗಿಂತ ಮೇಲಕ್ಕೆ ಎತ್ತಿ ಹಿಡಿದಿದ್ದಳು, ಮುಖದಲ್ಲಿ ನಗುವಿರಲಿಲ್ಲ. ಡಬ್ಬಿಗಳು ಒಂದೊಂದಾಗಿ ಆ ಜಾಗ ದಾಟಿದವು. ಕೊನೆಯ ಗಾಲಿ ದಾಟುವಾಗ ಟಕ್ ಎಂದ ಸದ್ದಿಗೆ ಅವನು ಕಣ್ಣು ಮುಚ್ಚಿದ. ತೆರೆದಾಗ ಗಾಡಿ ತಿರುವಿನಲ್ಲಿ ಮರೆಯಾಗುತ್ತಿತ್ತು.

ಓಡಿಹೋಗಿ ಬಗ್ಗಿ ನೋಡಿದ. ಎರಡೂ ಬೊಟ್ಟುಗಳು ಉದುರಿಹೋಗಿದ್ದವು. ಬಿರುಕಿನೊಳಗೆ ಅವನ ಹೆಬ್ಬೆರಳ ಉಗುರು ಇಳಿಯಿತು. ಇನ್ನು ಎಂಟು ನಿಮಿಷಕ್ಕೆ ಮುಂದಿನ ಗಾಡಿ. ಸಿದ್ದಲಿಂಗಪ್ಪ ಪಿಂಚಣಿ, ಪತ್ರ, ಮಧು ಯಾವುದನ್ನೂ ನೆನೆಯಲಿಲ್ಲ. ಚೀಲದಿಂದ ಕೆಂಪು ಬಾವುಟ ಎಳೆದು, ಗ್ಯಾಸ್ ಟ್ಯಾಂಕಿನಾಚೆಯ ಸೇತುವೆಯ ತನಕ ಜಲ್ಲಿಯ ಮೇಲೆ ಎಡವುತ್ತ ಓಡಿ, ಹಳಿಗಳ ನಡುವೆ ನಿಂತು ಬೀಸಿದ. ಗಾಡಿ ಕಿರುಚುತ್ತ ಬಂದು ಅವನಿಗೆ ಮೂವತ್ತು ಮಾರು ದೂರದಲ್ಲಿ ನಿಂತಿತು. ಕಿಟಕಿಗಳಲ್ಲಿ ಜನ ಗಡಿಯಾರ ನೋಡಿಕೊಂಡರು.

ಮುಕ್ಕಾಲು ಗಂಟೆಯ ಮೇಲೆ ಮಧುಸೂದನ್ ಬಂದ. ಜೊತೆಗೆ ಹಳಿ ಕಂಪನಿಯ ಬಿಳಿಯನೊಬ್ಬನಿದ್ದ. ಅವನು ಕಾಲುದಾರಿಯಲ್ಲೇ ನಿಂತು, ಕತ್ತು ಚಾಚಿ, ತನಗೇನೂ ಕಾಣಿಸುತ್ತಿಲ್ಲ ಎಂದು ಬರೆದುಕೊಂಡ. ಇಲ್ಲಿಗೆ ಬಂದು ನೋಡಿ ಸಾಹೇಬರೇ ಎಂದು ಸಿದ್ದಲಿಂಗಪ್ಪ ಎರಡು ಸಲ ಕರೆದ. ಆ ಮನುಷ್ಯ ಜಾಗ ಬಿಟ್ಟು ಕದಲಲಿಲ್ಲ. ಮಧು ಒಬ್ಬನೇ ನಡುವೆ ಇಳಿದು ಬಗ್ಗಿದ. ಬಗ್ಗಿದವನು ಬೇಗ ಏಳಲಿಲ್ಲ. ಎದ್ದಾಗ ಅವನ ತುಟಿ ಬಿಳಿಚಿತ್ತು.

"ನೋಡ್ದೆ, ಅಂಕಲ್," ಎಂದ, ಬಿಳಿಯನಿಗೆ ತಿಳಿಯದಿರಲೆಂದು ಕನ್ನಡದಲ್ಲೇ. "ಇಲ್ಲಿ ಗಾಡಿ ಇಪ್ಪತ್ತು ಮೈಲಿ ಸ್ಪೀಡಿಗಿಂತ ಹೆಚ್ಚು ಹೋಗಬಾರ್ದು ಅಂತ ಆರ್ಡರ್ ಹಾಕಿಸ್ತೀನಿ. ಇವತ್ತೇ. ನನ್ನ ನಂಬಿ."

"ಪೂರ್ತಿ ನಿಲ್ಲಸಬೇಕ್ರೀ, ಸಾಹೇಬ್ರ."

ಮನೆಯಲ್ಲಿ ತಮ್ಮಾ ಎನ್ನುತ್ತಿದ್ದವನ ಬಾಯಲ್ಲಿ ಸಾಹೇಬ್ರ ಎಂದು ಕೇಳಿ ಮಧು ಮುಖ ಆಚೆ ತಿರುಗಿಸಿದ. ಇಪ್ಪತ್ತು ಸಾಕು, ಇಪ್ಪತ್ತರಲ್ಲಿ ಏನೂ ಆಗೋಲ್ಲ ಎಂದು ಹಳಿಗೇ ಹೇಳಿದಂತೆ ಹೇಳಿದ.

ಆಫೀಸಿನಲ್ಲಿ ಸಂಜೆ ನಾಲ್ಕರ ತನಕ ಕೂರಿಸಿ ಹೇಳಿಕೆ ಬರೆಸಿಕೊಂಡರು. ಆರು ವಾರದ ಫಾರಂಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಇದು ನಿನ್ನ ಸಹಿಯೇ, ಇದು ನಿನ್ನ ಸಹಿಯೇ ಎಂದು ಒಂದೊಂದನ್ನೂ ತೋರಿಸಿ ಕೇಳಿದರು. ಹೌದು ಎಂದ. ನಿನ್ನೆ ಗೀರು ಎಂದು ಬರೆದು ಇವತ್ತು ಗಾಡಿ ನಿಲ್ಲಿಸಿದ್ದೇಕೆ ಎಂದು ಕೇಳಿದರು. ಬಿರುಕಿನೊಳಗೆ ಇಳಿದಿದ್ದ ಹೆಬ್ಬೆರಳ ಉಗುರನ್ನು ಅವನು ಎತ್ತಿ ತೋರಿಸಿದ. ಜಾಕೆಟ್ಟು, ಬಾವುಟ, ಮೊಬೈಲು ಒಪ್ಪಿಸಿ ಹೋಗು, ವಿಚಾರಣೆ ಮುಗಿಯುವ ತನಕ ಹಳಿಯ ಹತ್ತಿರ ಸುಳಿಯಬೇಡ ಎಂದರು. ಜಾಕೆಟ್ಟಿನ ಜೇಬಿನಲ್ಲಿದ್ದ ಸುಣ್ಣದ ಡಬ್ಬಿಯನ್ನು ಮಾತ್ರ ಇದೇನೋ ಔಷಧಿ ಇರಬೇಕೆಂದು ವಾಪಸ್ಸು ಕೊಟ್ಟರು.

ಶನಿವಾರ ಸ್ಟೇಷನ್ನಿನ ಗೇಟಿಗೆ ಬೋರ್ಡು ತೂಗುಹಾಕಿದ್ದರು. ಹಳಿಯ ಕೆಲಸ ಇರುವುದರಿಂದ ಎರಡು ದಿನ ಗಾಡಿ ಇಲ್ಲ, ಬದಲಿ ಬಸ್ಸು ಇದೆ ಎಂದು. ಅದನ್ನು ಓದಿದ ಸಿದ್ದಲಿಂಗಪ್ಪ ಗೇಟಿನ ಕಂಬ ಹಿಡಿದು ನಿಂತುಬಿಟ್ಟ. ನಮ್ಮದೇ ಹಳಿ ಇರಬೇಕು, ಹುಡುಗ ಮಾತು ಉಳಿಸಿಕೊಂಡ ಎಂದು ಮನೆಗೆ ಬಂದು ನೀಲವ್ವನಿಗೆ ಹೇಳಿದ. ಹೇಳುತ್ತಿದ್ದಂತೆ ಅವನ ಕಣ್ಣು ತುಂಬಿತು. ಅವಳು ಭಾನುವಾರ ಎಣ್ಣೆಗಾಯಿ ಜಾಸ್ತಿಯೇ ಮಾಡಿದಳು. ಮಧು ಬರಲಿಲ್ಲ. ಮನೆಯ ಫೋನಿನಿಂದ ಮೂರು ಸಲ ಕರೆ ಮಾಡಿದರೆ ಮೂರು ಸಲವೂ ಯಂತ್ರವೇ ಉತ್ತರ ಕೊಟ್ಟಿತು.

ಸೋಮವಾರ ಬೆಳಿಗ್ಗೆ ಅವಳು ಚೀಲ ಕಟ್ಟುವಾಗ, ಇವತ್ತೊಂದು ದಿನ ಬಸ್ಸಿಗೆ ಹೋಗು, ನಾನು ವಿಚಾರಿಸುತ್ತೇನೆ ಎಂದ. ಎಲ್ಲಾರೂ ಹೋಗೂದು ಅದರಾಗ ಅಲ್ಲೇನು ಎಂದಳು ಅವಳು. ಅವನು ಕೋಟು ಹಾಕಿಕೊಂಡು ಅವಳ ಹಿಂದೆಯೇ ಹೊರಟ. ಇಪ್ಪತ್ತು ವರ್ಷ ಹೊರಗೆ ನಿಂತು ನೋಡಿದ ಏಳೂ ನಲವತ್ತೆರಡರ ಗಾಡಿಯನ್ನು ಅವನು ಹತ್ತಿದ್ದು ಅದೇ ಮೊದಲು. ಮೂರನೇ ಡಬ್ಬಿ. ನೀಲವ್ವ ಕಿಟಕಿಗೆ ಕೂತಳು, ಅವನು ಪಕ್ಕಕ್ಕೆ. ಎದುರಿಗೆ ಮುದುಕಿ ಹಸಿರು ಉಲ್ಲನ್ನು ತೊಡೆಯ ಮೇಲೆ ಹರಡಿಕೊಂಡು, ನಿಮ್ಮ ಮನೆಯವರೇ ಎಂದು ಕೇಳಿ ನಕ್ಕಳು. ಎರಡನೇ ತೋಳು ಮೊಣಕೈ ತನಕ ಬಂದಿತ್ತು. ಡಬ್ಬಿ ತುಂಬ ಜನ ಪೇಪರು ಓದುತ್ತ ತೂಕಡಿಸುತ್ತ ನಿಂತಿದ್ದರು.

ಗಾಡಿ ಸ್ಟೇಷನ್ ಬಿಟ್ಟಿತು. ಹಳಿ ಬದಲಾಗಿರದಿದ್ದರೂ ಮಧು ಹೇಳಿದ ಆರ್ಡರಿನಂತೆ ಚಾಲಕ ಸೇತುವೆಯ ಹತ್ತಿರವೇ ವೇಗ ಇಳಿಸಲು ಸುರುಮಾಡಬೇಕು. ಇಪ್ಪತ್ತು ಮೈಲಿ ಎಂದರೆ ಸೈಕಲ್ಲಿನವನು ಜೋರಾಗಿ ತುಳಿಯುವ ವೇಗ. ಸೇತುವೆ ಬಂತು, ಕತ್ತಲಾಗಿ ಬೆಳಕಾಯಿತು. ಸಿದ್ದಲಿಂಗಪ್ಪ ಬ್ರೇಕು ತನ್ನ ಕಾಲಕೆಳಗೇ ಇರುವವನಂತೆ ಬಲಗಾಲನ್ನು ನೆಲಕ್ಕೆ ಒತ್ತಿದ. ಗ್ಯಾಸ್ ಟ್ಯಾಂಕು ಬಂತು. ವೇಗ ಇಳಿಯಲಿಲ್ಲ, ಗಾಲಿಗಳ ಸದ್ದು ಒಂದಕ್ಕೊಂದು ಹತ್ತಿರವಾಗುತ್ತ ಹೋಯಿತು. ಮುದುಕಿಯ ಸೂಜಿಗಳು ತಮ್ಮ ಪಾಡಿಗೆ ಆಡುತ್ತಿದ್ದವು. ಕಿಟಕಿಯ ಹೊರಗೆ ಮುಳ್ಳಿನ ಬಳ್ಳಿಯ ನಡುವೆ, ಕೂರಿಸದೆ ಬಿಟ್ಟ ಹೊಸ ಹಳಿ ಕೆಂಪಗೆ ಉದ್ದಕ್ಕೆ ಮಲಗಿದ್ದದ್ದು ಹಿಂದಕ್ಕೆ ಓಡಿತು. ಅವನು ನೀಲವ್ವನ ಕಡೆ ತಿರುಗಿದ.

ಅವಳೂ ಅದನ್ನು ಕಂಡಿದ್ದಳು. ಆದರೂ ಆ ಜಾಗ ಬಂತೆಂದು ಅವಳ ಕೈ ತಾನಾಗಿಯೇ ಮೇಲಕ್ಕೆ ಹೋಯಿತು, ಊಟದ ಚೀಲ ಕಿಟಕಿಯ ಗಾಜಿಗೆ ತಾಗಿ ನಿಂತಿತು. ಹೊರಗಿನ ಕಾಲುದಾರಿಯಲ್ಲಿ ಯಾರೂ ಇರಲಿಲ್ಲ.